ನೆಲಮಂಗಲದ ಎರಡು ‘48’

ಹೋದ ತಿಂಗಳು ನನ್ನ ಮೇಜಿಗೆ 1998ರ ಒಂದು ಕ್ರಯಪತ್ರ ಬಂತು. ನೆಲಮಂಗಲದಿಂದ ಕುಣಿಗಲ್ ಕಡೆ ಹೋಗುವ ದಾರಿಯಲ್ಲಿ ಎರಡು ಎಕರೆ ಜಮೀನು. ಚಕ್ಕುಬಂದಿಯಲ್ಲಿ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಎಲ್ಲೆಗಳ ವಿವರದಲ್ಲಿ, ‘ಉತ್ತರಕ್ಕೆ ರಾಷ್ಟ್ರೀಯ ಹೆದ್ದಾರಿ 48’ ಅಂತ ಬರೆದಿತ್ತು. ಕೊಳ್ಳಲು ಬಂದಿದ್ದ ಯುವಕ ಮೊಬೈಲ್‌ನಲ್ಲಿ ಮ್ಯಾಪ್ ತೆಗೆದು ನನ್ನ ಕಡೆ ತಿರುಗಿಸಿದರು. “ಮೇಡಂ, 48 ತುಮಕೂರು ರೋಡಲ್ವಾ? ಇವರ ಜಮೀನು ಹಾಸನ ರೋಡಲ್ಲಿದೆ. ಪತ್ರ ಬೇರೆ ಜಮೀನಿಂದೋ ಏನೋ.” ಮಾರುವ ಅಜ್ಜನ ಮುಖ ಸಪ್ಪಗಾಯಿತು. “ಇಪ್ಪತ್ತೈದು ವರ್ಷದಿಂದ ಅಲ್ಲೇ ರಾಗಿ ಬೆಳೀತಿದ್ದೀನಿ ಕಣವ್ವ” ಅಂದರು.

ಪತ್ರದಲ್ಲಿ ತಪ್ಪಿರಲಿಲ್ಲ. ಮ್ಯಾಪಿನಲ್ಲೂ ತಪ್ಪಿರಲಿಲ್ಲ. ಆಗ ಬೆಂಗಳೂರು–ಹಾಸನ–ಮಂಗಳೂರು ಹೆದ್ದಾರಿಯೇ 48. ತುಮಕೂರು ರಸ್ತೆ 4. 2010ರಲ್ಲಿ ಕೇಂದ್ರ ಸರ್ಕಾರ ದೇಶದ ಹೆದ್ದಾರಿಗಳಿಗೆಲ್ಲ ಹೊಸ ನಂಬರ್ ಕೊಟ್ಟಿತು. ಹಾಸನ ರಸ್ತೆ 75 ಆಯಿತು. 48 ಅನ್ನೋ ನಂಬರ್ ದೆಹಲಿಯಿಂದ ಮುಂಬೈ, ಪುಣೆ, ಹುಬ್ಬಳ್ಳಿ, ತುಮಕೂರಿನ ಮೇಲೆ ಚೆನ್ನೈಗೆ ಹೋಗುವ ದಾರಿಗೆ ಬಂತು. ಈ ಎರಡೂ ದಾರಿ ಕವಲಾಗುವುದು ನೆಲಮಂಗಲದಲ್ಲೇ. ಅದಕ್ಕೇ ಗೊಂದಲ ಇಲ್ಲಿ ಜಾಸ್ತಿ. 4 ಅನ್ನೋ ನಂಬರ್ ಈಗ ಅಂಡಮಾನ್‌ನ ಹೆದ್ದಾರಿಗಿದೆ!

ಹೊಸ ಲೆಕ್ಕಕ್ಕೆ ಒಂದು ಕ್ರಮ ಇದೆ. ಉತ್ತರ–ದಕ್ಷಿಣ ಹೋಗುವ ಮುಖ್ಯ ಹೆದ್ದಾರಿಗೆ ಸಮಸಂಖ್ಯೆ, ಪೂರ್ವ–ಪಶ್ಚಿಮಕ್ಕೆ ಬೆಸಸಂಖ್ಯೆ. ಮೂರಂಕಿ ಇದ್ದರೆ ಅದು ಕವಲು; ಕೊನೆಯ ಎರಡಂಕಿ ತಾಯಿ ಹೆದ್ದಾರಿಯದು. ಮೈಸೂರು ರಸ್ತೆಯ 275ನ್ನೇ ನೋಡಿ. ಬಂಟ್ವಾಳದಲ್ಲಿ 75ನ್ನು ಬಿಟ್ಟು, ಮಡಿಕೇರಿ, ಮೈಸೂರು ಸುತ್ತಿ ಬೆಂಗಳೂರಿಗೆ ಬರುತ್ತದೆ. ಕನಕಪುರ, ಕೊಳ್ಳೇಗಾಲದ ಮೇಲೆ ಕೊಯಮತ್ತೂರಿಗೆ ಹೋಗುವ ಹಳೆಯ 209 ಈಗ 948. ಅಂದರೆ 48ರ ಕವಲು.

ಕೆಲವು ಕಡೆ ಹಳೆಯ ನಂಬರ್, ಹೊಸ ನಂಬರ್ ಒಂದಕ್ಕೊಂದು ನೇರ ಕೂರುವುದಿಲ್ಲ. ಹಳೆಯ 4 ಬೆಂಗಳೂರು ದಾಟಿ ಕೋಲಾರ, ಮುಳಬಾಗಿಲು, ಚಿತ್ತೂರಿನ ಮೇಲೆ ಚೆನ್ನೈಗೆ ಹೋಗುತ್ತಿತ್ತು. ಈಗ ಮುಳಬಾಗಿಲಿನವರೆಗೆ ಅದು 75, ಅಲ್ಲಿಂದ ಚಿತ್ತೂರಿಗೆ 69. ಹೊಸ 48 ಚೆನ್ನೈಗೆ ಹೋಗುವುದು ಹೊಸೂರು, ಕೃಷ್ಣಗಿರಿ ಮೇಲೆ. ಆ ರಸ್ತೆಯಲ್ಲೇ 44 ಕೂಡ ಇದೆ. ಅದು ಹಳೆಯ 7. ಹಾಗಾಗಿ ‘ಹಳೆಯ 4 ಅಂದರೆ ಈಗಿನ 48’ ಅಂತ ಸುಮ್ನೆ ಬರೆದುಕೊಂಡರೆ ಕೋಲಾರದ ಜಮೀನಿಗೆ ಅದು ಸುಳ್ಳಾಗುತ್ತದೆ. ಇಂಥ ಪಟ್ಟಿ ಇಟ್ಟುಕೊಂಡು ಪತ್ರ ಬರೆಯುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ನಂಬರಿಗಿಂತ ದೊಡ್ಡ ವಿಷಯ ದರ್ಜೆ. ಮೈಸೂರು ರಸ್ತೆ ರಾಷ್ಟ್ರೀಯ ಹೆದ್ದಾರಿ ಆಗುವ ಮುಂಚೆ ರಾಜ್ಯ ಹೆದ್ದಾರಿ 17 ಆಗಿತ್ತು. ದರ್ಜೆ ಬದಲಾದರೆ ಭೂಸ್ವಾಧೀನದ ಕಾನೂನೂ ಬದಲಾಗುತ್ತದೆ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲಿ, ನೆಲ ತೆಗೆದುಕೊಳ್ಳುವ ಉದ್ದೇಶ ತಿಳಿಸುವ 3ಎ ಅಧಿಸೂಚನೆ ಬಂದ ಮೇಲೆ ತಕರಾರು ಹಾಕಲು ಸಿಗುವುದು 21 ದಿನ. ಸ್ವಾಧೀನ ಘೋಷಿಸುವ 3ಡಿ ಬಂತೆಂದರೆ ಆ ನೆಲ ಕೇಂದ್ರ ಸರ್ಕಾರದ್ದು. ಪಹಣಿಯಲ್ಲಿ ಇನ್ನೂ ಹಳೆಯ ಮಾಲೀಕರ ಹೆಸರೇ ಇರಬಹುದು, ಅದನ್ನು ನಂಬಿ ಮುಂಗಡ ಕೊಟ್ಟು ಅತ್ತವರಿದ್ದಾರೆ. ಈ ಅಧಿಸೂಚನೆಗಳಲ್ಲಿ ಆ ದಿನಕ್ಕೆ ಜಾರಿಯಲ್ಲಿದ್ದ ನಂಬರ್ ಇರುತ್ತದೆ. ತುಮಕೂರು ರಸ್ತೆಯ ಹಳೆಯ ಅಧಿಸೂಚನೆಯನ್ನು 48ರ ಹೆಸರಲ್ಲಿ ಹುಡುಕಿದರೆ ಏನೂ ಸಿಗಲ್ಲ. ಏನೂ ಸಿಗಲಿಲ್ಲ ಅಂದರೆ ಸ್ವಾಧೀನವೇ ಆಗಿಲ್ಲ ಅಂತಲ್ಲ. ಗ್ರಾಮದ ಹೆಸರು, ಸರ್ವೆ ನಂಬರ್ ಹಿಡಿದು ಹುಡುಕಿ.

ಅಜ್ಜನ ಜಮೀನಿಗೂ ಅದನ್ನೇ ಮಾಡಿದೆವು. ಗ್ರಾಮ ನಕ್ಷೆ, ಟಿಪ್ಪಣಿ (ಸರ್ವೆ ಅಳತೆಯ ನಕ್ಷೆ), ಆಕಾರಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ) ತರಿಸಿದೆ. ರಸ್ತೆ ಅಗಲ ಮಾಡಿದಾಗ ಆ ಸರ್ವೆ ನಂಬರಿನಲ್ಲಿ ನಾಲ್ಕು ಗುಂಟೆ ಹೋಗಿತ್ತು. ಅಜ್ಜನಿಗೆ ಅದು ಗೊತ್ತಿತ್ತು, ಪರಿಹಾರವೂ ಬಂದಿತ್ತು, ಪತ್ರದಲ್ಲಿ ಮಾತ್ರ ಇರಲಿಲ್ಲ. ಸರ್ವೆಯರ್ ಬಂದು ಅಳತೆ ಮಾಡಿ ಕಲ್ಲು ನೆಟ್ಟರು. ಹೊಸ ಕ್ರಯಪತ್ರದಲ್ಲಿ ಒಂದು ಎಕರೆ ಮೂವತ್ತಾರು ಗುಂಟೆ ಅಂತ ಬರೆಸಿ, ಚಕ್ಕುಬಂದಿಗೆ ಹೀಗೆ ಸೇರಿಸಿದೆವು: ‘ಉತ್ತರಕ್ಕೆ ಬೆಂಗಳೂರು–ಹಾಸನ ರಸ್ತೆ, ಹಿಂದಿನ ರಾಷ್ಟ್ರೀಯ ಹೆದ್ದಾರಿ 48, ಈಗಿನ ರಾಷ್ಟ್ರೀಯ ಹೆದ್ದಾರಿ 75.’ ಅಜ್ಜ ಅದನ್ನು ಎರಡು ಸಲ ಓದಿಸಿ ಕೇಳಿದ ಮೇಲೇ ಸಹಿ ಹಾಕಿದರು.