ಭಾವಚಿತ್ರ ತೆಗೆಸಿಕೊಳ್ಳುವವರ ಸಂಕೋಚ ಕಳೆಯುವ ಬಗೆ: ಒಂದು ಅಧ್ಯಯನ ಟಿಪ್ಪಣಿ

ಭಾವಚಿತ್ರ ತೆಗೆಯುವುದನ್ನು ಕಲಿಯಲು ಹೊರಟ ನಾವೆಲ್ಲರೂ ಮೊದಮೊದಲು ಬೆಳಕು, ಲೆನ್ಸ್, ಶಟರ್‌ಗಳ ಲೆಕ್ಕಾಚಾರದಲ್ಲಿಯೇ ಮುಳುಗಿರುತ್ತೇವೆ. ಅವು ಕೈಗೆ ಹತ್ತಿದ ಮೇಲೂ ಚಿತ್ರಗಳಿಗೆ ಜೀವ ಬಾರದಿದ್ದಾಗ, ಎದುರು ಕುಳಿತವರದು ಫೋಟೊಕ್ಕೆ ಒಗ್ಗುವ ಮುಖವಲ್ಲ ಎಂದು ತೀರ್ಮಾನಿಸಿಬಿಡುತ್ತೇವೆ. ಆ ತೀರ್ಮಾನ ತಪ್ಪು ಎಂಬುದು ಶಿವಮೊಗ್ಗದ ಸ್ಟುಡಿಯೊದಲ್ಲಿಯೂ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳಲ್ಲಿಯೂ ಕೆಲಸ ಮಾಡುತ್ತಾ ನನಗೆ ಮನವರಿಕೆಯಾದ ಸಂಗತಿ. ಕ್ಯಾಮೆರಾದ ಎದುರು ಮನುಷ್ಯರು ಬಿಗಿಯಾಗುವುದು ಬಹುಮಟ್ಟಿಗೆ ಎರಡು ವಿಷಯಗಳು ಗೊತ್ತಿಲ್ಲದಿರುವುದರಿಂದ: ತಾವು ಏನು ಮಾಡಬೇಕು ಎಂಬುದು ಒಂದು, ತಾವು ಹೇಗೆ ಕಾಣುತ್ತಿದ್ದೇವೆ ಎಂಬುದು ಇನ್ನೊಂದು. ಇವೆರಡನ್ನೂ ಬಿಡದೆ ತಿಳಿಸುತ್ತಿರುವ ಹೊಣೆ ಕ್ಯಾಮೆರಾ ಹಿಡಿದವರದು. ಧೈರ್ಯವನ್ನು ಗ್ರಾಹಕರು ಮನೆಯಿಂದ ಹೊತ್ತು ತರಬೇಕೆಂದು ನಾವು ನಿರೀಕ್ಷಿಸಬಾರದು.

ತನ್ನ ಮುಖ ತನಗೇ ಹೊಸದಾಗುವುದು

"ನನ್ನ ಫೋಟೊ ಚೆನ್ನಾಗಿ ಬರುವುದಿಲ್ಲ" ಎಂಬ ಮಾತನ್ನು ನಾವು ವಿನಯದ ಮಾತೆಂದು ಭಾವಿಸಿ ನಕ್ಕು ತಳ್ಳಿಹಾಕುತ್ತೇವೆ. ಅದರ ಹಿಂದೆ ನಿಜವಾದ ಕಾರಣವಿದೆ. ನಮ್ಮ ಮುಖವನ್ನು ನಾವು ಜೀವನವಿಡೀ ನೋಡುವುದು ಕನ್ನಡಿಯಲ್ಲಿ, ಅಂದರೆ ಎಡಬಲ ಅದಲುಬದಲಾದ ರೂಪದಲ್ಲಿ. ಯಾರ ಮುಖದ ಎರಡು ಪಾರ್ಶ್ವಗಳೂ ಒಂದೇ ತೆರನಾಗಿರುವುದಿಲ್ಲ. ಹಣೆಯ ಬೈತಲೆ ಒಂದು ಕಡೆಗೆ, ತುಟಿಯ ವಾರೆ ಇನ್ನೊಂದು ಕಡೆಗೆ ಇರುತ್ತದೆ. ಫೋಟೊದಲ್ಲಿ ಅದು ನೇರವಾಗಿ, ಬೇರೆಯವರು ಕಾಣುವಂತೆ ಮೂಡಿದಾಗ, ಇದು ನಾನೇ ಹೌದು, ಆದರೆ ಎಲ್ಲೋ ಏನೋ ಸರಿಯಿಲ್ಲ ಎಂದು ಮನಸ್ಸಿಗೆ ಅನ್ನಿಸುತ್ತದೆ. 1977ರಲ್ಲಿ ಮೀಟಾ, ಡರ್ಮರ್ ಮತ್ತು ನೈಟ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷೆಗೆ ಒಡ್ಡಿದರು. ಒಬ್ಬರದೇ ಫೋಟೊವನ್ನು ನೇರವಾಗಿಯೂ ತಿರುಗಿಸಿಯೂ ತೋರಿಸಿದಾಗ, ಆ ವ್ಯಕ್ತಿಗಳು ಹೆಚ್ಚಾಗಿ ಕನ್ನಡಿಯ ರೂಪವನ್ನು ಮೆಚ್ಚಿದರು, ಅವರ ಆಪ್ತರು ನೇರವಾದ ರೂಪವನ್ನು ಮೆಚ್ಚಿದರು. ಪದೇ ಪದೇ ಕಂಡದ್ದೇ ಹಿತವೆನಿಸುವುದು ಮನಸ್ಸಿನ ಸ್ವಭಾವ. ಈ ವಿಷಯವನ್ನು ನಾನು ಈಗ ಚಿತ್ರ ತೆಗೆಯುವ ಮೊದಲೇ ಎರಡು ವಾಕ್ಯಗಳಲ್ಲಿ ಹೇಳಿಬಿಡುತ್ತೇನೆ. ತಮ್ಮ ಅಸಮಾಧಾನಕ್ಕೆ ಒಂದು ಕಾರಣವಿದೆ, ಅದು ತಮ್ಮ ಮುಖದ ದೋಷವಲ್ಲ ಎಂದು ತಿಳಿದೊಡನೆ ಅನೇಕರ ಭುಜ ತಾನಾಗಿ ಇಳಿಯುತ್ತದೆ.

ಎರಡನೆಯ ಕಾರಣ ಮೊಬೈಲು. ಕೈ ಚಾಚಿ ತೆಗೆದ ಸೆಲ್ಫಿಯಲ್ಲಿ ಮೂಗು ಲೆನ್ಸಿಗೆ ತೀರಾ ಹತ್ತಿರ, ಕಿವಿಗಳು ಅದಕ್ಕೆ ಹೋಲಿಸಿದರೆ ದೂರ. ಸುಮಾರು 30 ಸೆಂಟಿಮೀಟರ್ ದೂರದಿಂದ ತೆಗೆದ ಸೆಲ್ಫಿಯಲ್ಲಿ, 5 ಅಡಿ ದೂರದಿಂದ ತೆಗೆದ ಚಿತ್ರಕ್ಕಿಂತ ಮೂಗು ಸುಮಾರು ಶೇಕಡ 30ರಷ್ಟು ಅಗಲವಾಗಿ ಕಾಣುತ್ತದೆ ಎಂದು ಅಮೆರಿಕದ ಸಂಶೋಧಕರು 2018ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಇಲ್ಲಿ ಕಲಿಯುವವರು ಗಮನಿಸಬೇಕಾದದ್ದು ಏನೆಂದರೆ, ಮುಖದ ಆಕಾರವನ್ನು ಬದಲಿಸುವುದು ಲೆನ್ಸಿನ ಮಿಲಿಮೀಟರ್ (ನಾಭಿದೂರ) ಅಲ್ಲ, ನಮಗೂ ಎದುರಿನವರಿಗೂ ನಡುವಿನ ದೂರ. ಫುಲ್ ಫ್ರೇಮ್ (ಹಳೆಯ 35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 85 ಮಿ.ಮೀ. ಲೆನ್ಸನ್ನು ಭಾವಚಿತ್ರಕ್ಕೆ ಒಳ್ಳೆಯದೆನ್ನುವುದು, ಮುಖ ಮತ್ತು ಎದೆಯ ಭಾಗ ಚೌಕಟ್ಟು ತುಂಬಬೇಕಾದರೆ ಅದು ನಮ್ಮನ್ನು ಎಂಟು-ಹತ್ತು ಹೆಜ್ಜೆ ಅಲ್ಲದಿದ್ದರೂ ಕನಿಷ್ಠ ಒಂದೂವರೆ ಎರಡು ಮೀಟರ್ ಹಿಂದಕ್ಕೆ ನಿಲ್ಲಿಸುತ್ತದೆ ಎಂಬ ಕಾರಣಕ್ಕಾಗಿ. ಆ ಅಂತರಕ್ಕೆ ಇನ್ನೊಂದು ಪ್ರಯೋಜನವೂ ಇದೆ: ಅಪರಿಚಿತರೊಬ್ಬರು ಮುಖದ ಹತ್ತಿರಕ್ಕೇ ಬಂದು ನಿಂತ ಇರುಸುಮುರುಸು ಗ್ರಾಹಕರಿಗೆ ಉಂಟಾಗುವುದಿಲ್ಲ, ನಾವಾಡುವ ಮಾತೂ ಸಹಜವಾಗಿ ಕೇಳಿಸುತ್ತದೆ.

ನಮ್ಮ ಮೌನ

ನಾನು ಮಾಡುತ್ತಿದ್ದ ತಪ್ಪುಗಳಲ್ಲಿ ಅತ್ಯಂತ ದೊಡ್ಡದು ಇದು. ನಾಲ್ಕು ಚಿತ್ರ ತೆಗೆದು ಕ್ಯಾಮೆರಾದ ಹಿಂಬದಿಯ ಪರದೆಯನ್ನು ನೋಡುತ್ತಾ ಹುಬ್ಬು ಗಂಟಿಕ್ಕಿ ನಿಲ್ಲುತ್ತಿದ್ದೆ. ನಾನು ಯೋಚಿಸುತ್ತಿದ್ದುದು ಕಿವಿಯ ಪಕ್ಕದ ನೆರಳಿನ ಬಗ್ಗೆ; ಎದುರು ಕುಳಿತವರು ಅರ್ಥಮಾಡಿಕೊಳ್ಳುತ್ತಿದ್ದುದು ತಮ್ಮ ಮುಖ ಸರಿ ಬಂದಿಲ್ಲವೆಂದು. ಒಮ್ಮೆ ಕೆಲಸದ ಅರ್ಜಿಗೆ ಫೋಟೊ ತೆಗೆಸಿಕೊಳ್ಳಲು ಬಂದಿದ್ದ ಯುವತಿಯೊಬ್ಬರು ನಾನು ತಲೆ ಎತ್ತುವಷ್ಟರಲ್ಲಿ ಕೆಳತುಟಿ ಕಚ್ಚಿಕೊಂಡು, "ಸರ್, ಇನ್ನೊಂದು ದಿನ ಬರಲಾ?" ಎಂದು ಕೇಳಿದರು. ನಾಲ್ಕೂ ಚಿತ್ರಗಳು ಚೆನ್ನಾಗಿದ್ದವು. ಅದನ್ನು ನಾನು ಹೇಳಿರಲಿಲ್ಲ, ಅಷ್ಟೇ.

ಆದ್ದರಿಂದ ಪರದೆ ನೋಡುವಾಗಲೂ ಬಾಯಿ ಮುಚ್ಚಬಾರದು. "ನೀವು ಹಾಗೇ ಇರಿ, ನಾನು ಬೆಳಕನ್ನು ಸ್ವಲ್ಪ ಸರಿಪಡಿಸುತ್ತೇನೆ" ಎಂಬ ಒಂದು ಮಾತು ದೋಷವನ್ನು ಅವರ ಮುಖದಿಂದ ನಮ್ಮ ಸಾಮಗ್ರಿಗೆ ವರ್ಗಾಯಿಸುತ್ತದೆ. ಸೂಚನೆಗಳನ್ನು ಕೊಡುವಾಗ "ಹಾಗೆ ಬೇಡ" ಎನ್ನುವುದಕ್ಕಿಂತ ಏನು ಬೇಕು ಎಂಬುದನ್ನೇ ಹೇಳಬೇಕು. "ಬೆನ್ನು ಬಗ್ಗಿಸಬೇಡಿ" ಎಂಬುದು ಬೈಗುಳದಂತೆ ಕೇಳಿಸುತ್ತದೆ, "ನೆತ್ತಿಯನ್ನು ಯಾರೋ ಮೆಲ್ಲಗೆ ಮೇಲಕ್ಕೆ ಎತ್ತಿದಂತೆ ಕೂತುಕೊಳ್ಳಿ" ಎಂಬುದು ಕೆಲಸವಾಗುತ್ತದೆ. ಗಲ್ಲವನ್ನು ತಿರುಗಿಸಲೋ ಸೆರಗನ್ನು ಸರಿಮಾಡಲೋ ನಾವು ಕೈ ಹಾಕಬಾರದು. ಅನಿವಾರ್ಯವಾದರೆ ಕೇಳಿ, ಒಪ್ಪಿದ ಮೇಲೆ ಮಾತ್ರ, ಇಲ್ಲವೇ ಜೊತೆಗೆ ಬಂದ ಮನೆಯವರಿಗೆ ಹೇಳಿ ಮಾಡಿಸಬೇಕು. ಎಲ್ಲಕ್ಕಿಂತ ಸುಲಭವಾದ ದಾರಿಯೆಂದರೆ ಬೇಕಾದ ಭಂಗಿಯಲ್ಲಿ ನಾವೇ ನಿಂತು ತೋರಿಸುವುದು. ಹೊಗಳಿಕೆಯೂ ನಿರ್ದಿಷ್ಟವಾಗಿರಲಿ. "ಸೂಪರ್, ಸೂಪರ್" ಎಂದು ಪ್ರತಿ ಕ್ಲಿಕ್ಕಿಗೂ ಹೇಳಿದರೆ ಮೂರನೆಯ ಸಲಕ್ಕೆ ಯಾರೂ ನಂಬುವುದಿಲ್ಲ.

ಗೋಡೆಯ ಮೇಲಿನ ಚಿತ್ರ

ಹಿರಿಯರ ಬಿಗಿತವನ್ನು ಇದರಿಂದ ಬೇರೆಯಾಗಿ ಅರ್ಥಮಾಡಿಕೊಳ್ಳಬೇಕೆಂದು ಕೋರುತ್ತೇನೆ. ಛಾಯಾಚಿತ್ರ ಕಲೆ 1839ರಲ್ಲಿ ಲೋಕಕ್ಕೆ ಪ್ರಕಟವಾದಾಗ ಒಂದು ಚಿತ್ರಕ್ಕೆ ಬಿಸಿಲಿನಲ್ಲಿಯೂ ನಿಮಿಷಗಟ್ಟಲೆ ಕದಲದೆ ಕೂರಬೇಕಿತ್ತು; ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಆಸರೆ ಕೊಡುತ್ತಿದ್ದರು. ಆ ಕಾಲ ಬೇಗನೆ ಕಳೆಯಿತು, ಆದರೆ ನೆಟ್ಟಗೆ ಕುಳಿತು ಎದುರಿಗೆ ದಿಟ್ಟಿಸುವ ರೂಢಿ ಉಳಿಯಿತು. ಮಲೆನಾಡಿನ ಹಳೆಯ ಮನೆಗಳ ಜಗಲಿಯ ಗೋಡೆಯಲ್ಲಿ ಅಜ್ಜ ಅಜ್ಜಿಯರು ಹೀಗೆಯೇ ಇದ್ದಾರೆ: ಎರಡು ಕೈ ಮೊಣಕಾಲಿನ ಮೇಲೆ, ನಗುವಿಲ್ಲದ ಮುಖ, ನೇರ ನೋಟ. ಆ ಚಿತ್ರಗಳ ಕೆಳಗೆ ಬೆಳೆದವರಿಗೆ ಫೋಟೊ ಎಂದರೆ ತಾನು ಇಲ್ಲದ ಕಾಲಕ್ಕೆ ಗೋಡೆಯ ಮೇಲೆ ನಿಲ್ಲುವ ವಸ್ತು. ಅದು ಭಯವಲ್ಲ, ಗಾಂಭೀರ್ಯ. ಅದನ್ನು ಒಡೆಯಲು ಹೊರಟು "ಅಜ್ಜಿ, ನಗಿ, ನಗಿ" ಎಂದು ಪೀಡಿಸುವುದು ನನ್ನ ದೃಷ್ಟಿಯಲ್ಲಿ ಅಗೌರವ.

ತೀರ್ಥಹಳ್ಳಿಯ ಆಚೆ ಒಂದು ಅಡಿಕೆ ತೋಟದ ಮನೆಗೆ ಎಪ್ಪತ್ತು ದಾಟಿದ ತಾಯಿಯೊಬ್ಬರ ಚಿತ್ರ ತೆಗೆಯಲು ಹೋಗಿದ್ದೆ. ಮಗಳ ಒತ್ತಾಯಕ್ಕೆ ಹೊಸ ಸೀರೆ ಉಟ್ಟು ಬಂದು ಕುಳಿತವರು, "ನಂಗೆ ಫೋಟೊ ಎಲ್ಲ ಆಗೂದಿಲ್ಲ ಮಾರಾಯ, ಮುಖ ಎಂತದೋ ಆಗ್ತದೆ" ಎಂದರು. ನಾನು ಮೊದಲು ಅವರು ಬಯಸಿದ ಚಿತ್ರವನ್ನೇ, ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಪೂರ್ತಿ ಶ್ರದ್ಧೆಯಿಂದ ತೆಗೆದೆ. "ಅಮ್ಮಾ, ಗೋಡೆಗೆ ಹಾಕುವ ಫೋಟೊ ಆಯಿತು, ಚೆನ್ನಾಗಿ ಬಂದಿದೆ" ಎಂದು ತೋರಿಸಿದೆ. ಕೆಲಸ ಮುಗಿಯಿತೆಂಬ ನಿರಾಳ ಅವರಲ್ಲಿ ಕಂಡಿತು. ಆಮೇಲೆ ಜಗಲಿಯ ಅಂಚಿನಲ್ಲಿ ಅವರು ಬೆಳಿಗ್ಗೆ ಅರ್ಧಕ್ಕೆ ಬಿಟ್ಟಿದ್ದ ಹೂವಿನ ದಂಡೆಯನ್ನು ಮುಂದುವರಿಸಲು ಕೇಳಿಕೊಂಡೆ. ಕಟ್ಟುತ್ತಿರುವಾಗಲೂ ಚಿತ್ರ ತೆಗೆಯುತ್ತೇನೆಂದು ಮುಂಚೆಯೇ ತಿಳಿಸಿದೆ. ನೆನೆಸಿಟ್ಟ ಬಾಳೆನಾರನ್ನು ಎಡಗೈಯ ಹೆಬ್ಬೆರಳಿಗೆ ಸುತ್ತಿ, ಎರಡು ಹೂ, ಒಂದು ಎಸಳು ಹಸಿರು ಇಟ್ಟು ಬಿಗಿಯುತ್ತಿದ್ದ ಆ ಬೆರಳುಗಳು ಯಾರ ಸೂಚನೆಯನ್ನೂ ಬೇಡಲಿಲ್ಲ. ಐದು ನಿಮಿಷದಲ್ಲಿ ಅವರು ನನಗೆ ಹೂ ಕಟ್ಟುವುದನ್ನು ಕಲಿಸತೊಡಗಿದ್ದರು. ನಾರು ಕಡಿದಾಗ ತಲೆ ಎತ್ತಿ ನನ್ನತ್ತ ನೋಡಿದ ಕ್ಷಣದ ಚಿತ್ರವನ್ನು ಮಗಳು ಆರಿಸಿಕೊಂಡರು. ಗೋಡೆಗೆ ಹೋದದ್ದು ಮೊದಲನೆಯದೇ.

ಇದರಿಂದ ನಾನು ಕಲಿತದ್ದು ಕೈಗಳ ವಿಷಯ. ಕೈಗೆ ಕೆಲಸವಿಲ್ಲದಾಗ ಅದು ಎಲ್ಲಿದೆ ಎಂಬ ಎಚ್ಚರವೇ ಮೈಯನ್ನೆಲ್ಲ ಬಿಗಿಗೊಳಿಸುತ್ತದೆ. ರಂಗಭೂಮಿಯಲ್ಲಿ ಹೊಸ ನಟರಿಗೆ ವೇದಿಕೆಯ ಮೇಲೆ ಒಂದು ನಿಜವಾದ ಕೆಲಸವನ್ನು ಕೊಡುವುದು ಇದೇ ಕಾರಣಕ್ಕೆ. ಹೆಗ್ಗೋಡಿನ ನೀನಾಸಮ್‌ನಂತಹ ಸಂಸ್ಥೆಯಿರುವ ಜಿಲ್ಲೆಯ ನಾವು ನಾಟಕ ನೋಡುವಾಗ ನಟರ ಕೈಗಳನ್ನೇ ಗಮನಿಸಿದರೆ ನಮ್ಮ ಕಸುಬಿಗೆ ಬೇಕಾದ ಪಾಠ ಸಿಗುತ್ತದೆ. ಆದರೆ ಕೊಡುವ ಕೆಲಸ ಅವರದೇ ಆಗಿರಬೇಕು. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿದು ಗೊತ್ತಿಲ್ಲದವರನ್ನು ಅದರ ಮುಂದೆ ಕೂರಿಸಿದರೆ ಚಿತ್ರವೂ ಸುಳ್ಳಾಗುತ್ತದೆ, ಬೆರಳಿಗೂ ಅಪಾಯ.

ನಗು ಮತ್ತು ಕಣ್ಣು

ಫ್ರಾನ್ಸಿನ ವೈದ್ಯ ಡ್ಯುಶೆನ್ 1862ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮನಸಾರೆ ಬಂದ ನಗುವಿನಲ್ಲಿ ಎರಡು ಸ್ನಾಯುಗಳ ಪಾತ್ರವನ್ನು ಗುರುತಿಸಿದ. ತುಟಿಯ ಕೊನೆಯನ್ನು ಮೇಲಕ್ಕೆ ಎಳೆಯುವ ಸ್ನಾಯು ನಾವು ಹೇಳಿದಂತೆ ಕೇಳುತ್ತದೆ. ಕಣ್ಣಿನ ಸುತ್ತಲಿನದು ಬೇಕೆಂದಾಗ ಅಷ್ಟು ಸುಲಭವಾಗಿ ಒಲಿಯುವುದಿಲ್ಲ. "ಸ್ಮೈಲ್ ಪ್ಲೀಸ್" ಎಂದಾಗ ಕದಲುವುದು ಮೊದಲನೆಯದು ಮಾತ್ರ. ಅದನ್ನೂ ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದರೆ ಕೆನ್ನೆ ನಡುಗತೊಡಗುತ್ತದೆ. ಹೀಗಾಗಿ ನಗುವನ್ನು ಕೇಳುವ ಬದಲು ನಗು ತರುವ ವಿಷಯವನ್ನು ಕೇಳಬೇಕು: ಮನೆಯಲ್ಲಿ ಅತಿ ತುಂಟರು ಯಾರು, ಮದುವೆಯ ದಿನ ಏನು ಎಡವಟ್ಟಾಯಿತು. ಉತ್ತರ ಹೇಳುವಾಗಿನ ಬಾಯಿ ಚಿತ್ರಕ್ಕೆ ಒದಗುವುದಿಲ್ಲ. ಮಾತು ಮುಗಿದ ಮರುಗಳಿಗೆಯಲ್ಲಿ ಉಳಿಯುವ ನಗುವೇ ನಮಗೆ ಬೇಕಾದದ್ದು, ಅದಕ್ಕಾಗಿ ಬೆರಳು ಕಾದಿರಬೇಕು.

ಪ್ರತಿ ಚಿತ್ರದಲ್ಲಿಯೂ ಕಣ್ಣು ಮುಚ್ಚುವವರಿಗೆ ಅದನ್ನು ದೋಷವೆಂದು ಹೇಳಬಾರದು. ಮನುಷ್ಯರು ನಿಮಿಷಕ್ಕೆ ಸುಮಾರು 15ರಿಂದ 20 ಸಲ ರೆಪ್ಪೆ ಬಡಿಯುತ್ತಾರೆ, ಉದ್ವೇಗದಲ್ಲಿ ಇನ್ನೂ ಹೆಚ್ಚು. ಕಣ್ಣು ಮುಚ್ಚಿಸಿ, ಉಸಿರನ್ನು ನಿಧಾನವಾಗಿ ಹೊರಬಿಡಲು ಹೇಳಿ, ಮೂರು ಎಣಿಸಿದಾಗ ತೆರೆಯಿಸಿದರೆ ಆ ಮೊದಲ ನೋಟ ಸ್ವಚ್ಛವಾಗಿರುತ್ತದೆ. ಕನ್ನಡಕ ಹೊಳೆದರೆ ಅದರ ಕಡ್ಡಿಗಳನ್ನು ಕಿವಿಯ ಮೇಲೆ ಕೂದಲೆಳೆಯಷ್ಟು ಎತ್ತಿಸಿದರೆ ಸಾಕು. ಕನ್ನಡಕ ತೆಗೆಯಿರಿ ಎಂದು ಮಾತ್ರ ಹೇಳಬೇಡಿ, ದಿನವೂ ಧರಿಸುವವರ ಮುಖ ಅದಿಲ್ಲದೆ ಬರಿದೆನಿಸುತ್ತದೆ.

ಮಲೆನಾಡಿನ ಬೆಳಕು, ಜಾಗ, ನೋಡುವ ಜನ

ಬಿಸಿಲಿಗೆ ಕಣ್ಣು ಕಿರಿದಾದವರನ್ನು ನಾವು ಆತ್ಮವಿಶ್ವಾಸವಿಲ್ಲದವರೆಂದು ತಿಳಿಯುವ ಸಂಭವವಿದೆ. ಈ ದೃಷ್ಟಿಯಿಂದ ನಮ್ಮ ಮಳೆಗಾಲ ವರವೇ ಸರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದ ಆಕಾಶ ಇಡೀ ಅಂಗಳವನ್ನು ಮೆತ್ತನೆಯ ಬೆಳಕಿನ ಪೆಟ್ಟಿಗೆಯನ್ನಾಗಿ ಮಾಡುತ್ತದೆ. ಹೆಂಚಿನ ಮನೆಯ ಜಗಲಿಯ ಅಂಚಿನಲ್ಲಿ ಅಂಗಳಕ್ಕೆ ಮುಖ ಮಾಡಿ ಕೂರಿಸಿದರೆ ಹಿನ್ನೆಲೆ ತಾನಾಗಿ ಕತ್ತಲಾಗುತ್ತದೆ, ಮುಖ ಅರಳುತ್ತದೆ. ಅಡಿಕೆ ತೋಟದ ಒಳಗೆ ಮಾತ್ರ ಎಚ್ಚರ ಬೇಕು. ಎಲೆಗಳನ್ನು ಹಾದು ಬಂದ ಬೆಳಕು ಚರ್ಮಕ್ಕೆ ಹಸಿರು ಛಾಯೆ ತರುತ್ತದೆ, ಸೋಗೆಗಳ ಸಂದಿನಿಂದ ಬಿದ್ದ ಬಿಸಿಲು ಮುಖದಲ್ಲಿ ಮಚ್ಚೆಗಳನ್ನು ಮೂಡಿಸುತ್ತದೆ. ಅಂತಹ ಚಿತ್ರವನ್ನು ಹಾಗೆಯೇ ತೋರಿಸಿದರೆ ಅವರು ತೋಟವನ್ನು ದೂರುವುದಿಲ್ಲ, ತಮ್ಮ ಬಣ್ಣವನ್ನು ದೂರಿಕೊಳ್ಳುತ್ತಾರೆ. ಬೂದು ಕಾರ್ಡಿನಿಂದ ವೈಟ್ ಬ್ಯಾಲೆನ್ಸ್ (ಬಣ್ಣಗಳು ಇದ್ದಂತೆ ಮೂಡುವ ಹೊಂದಾಣಿಕೆ) ಹೊಂದಿಸಿಕೊಂಡ ಮೇಲೆಯೇ ಪರದೆಯನ್ನು ಅವರತ್ತ ತಿರುಗಿಸಬೇಕು.

ಈ ಎಲ್ಲ ಹೊಂದಾಣಿಕೆ ಗ್ರಾಹಕರು ಬಂದು ಕೂರುವ ಮೊದಲೇ ಮುಗಿದಿರಲಿ. ಮನೆಯ ಬೇರೆ ಯಾರನ್ನಾದರೂ ಅದೇ ಜಾಗದಲ್ಲಿ ಕೂರಿಸಿ, ಶಟರ್ ವೇಗ 1/200 ಸೆಕೆಂಡ್, ಲೆನ್ಸಿನ ತೆರಪು ಎಫ್/4 ಎಂದು ಗೊತ್ತುಮಾಡಿಕೊಂಡಿದ್ದರೆ, ಅವರು ಕುಳಿತ ಮೇಲೆ ನಮ್ಮ ಕಣ್ಣು ಗುಂಡಿಗಳ ಮೇಲಿರುವುದಿಲ್ಲ. ಎ.ಸಿ. ಹಾಕಿದ ಕಾರಿನಿಂದ ಇಳಿಸಿದ ಲೆನ್ಸು ಮಲೆನಾಡಿನ ತೇವದ ಗಾಳಿಗೆ ಮಂಜು ಕಟ್ಟುತ್ತದೆ. ಚೀಲವನ್ನು ಅರ್ಧ ಗಂಟೆ ಮುಂಚೆ ಹೊರಗಿಟ್ಟರೆ ಆ ಕಾಯುವಿಕೆ ತಪ್ಪುತ್ತದೆ.

ಜಾಗದ ಆಯ್ಕೆಯಲ್ಲಿ ಸೌಂದರ್ಯಕ್ಕಿಂತ ಏಕಾಂತ ಮುಖ್ಯ. ಮದುವೆಗೆ ಮುಂಚಿನ ಚಿತ್ರಗಳಿಗೆಂದು ರಜೆಯ ದಿನ ಜೋಗಕ್ಕೋ ಕುಪ್ಪಳಿಯ ಕವಿಶೈಲಕ್ಕೋ ಕರೆದೊಯ್ದರೆ, ಇನ್ನೂ ಒಬ್ಬರಿಗೊಬ್ಬರು ಸರಿಯಾಗಿ ಪರಿಚಯವಾಗದ ಜೋಡಿ ನೂರಾರು ಅಪರಿಚಿತರ ಮುಂದೆ ಕೈ ಹಿಡಿದು ನಿಲ್ಲಬೇಕಾಗುತ್ತದೆ. ವಾರದ ನಡುವಿನ ದಿನ, ಬೆಳಗಿನ ಹೊತ್ತು ಆರಿಸಬೇಕು. ಮನೆಯಲ್ಲಿಯಾದರೆ "ಹಲ್ಲು ತೋರಿಸಬೇಡ", "ಹೊಟ್ಟೆ ಒಳಗೆ ತಗೋ" ಎಂದು ಹಿಂದಿನಿಂದ ಹೇಳುವ ಬಂಧುಗಳನ್ನು ಪ್ರೀತಿಯಿಂದಲೇ ಒಳಗೆ ಕಳಿಸುವುದನ್ನು ಕಲಿಯಬೇಕು.

ಚಿತ್ರ ಆರಿಸುವಾಗ

ತೆಗೆದ ಎಲ್ಲವನ್ನೂ ತೋರಿಸುವುದು ಬೇಡ. ಕಣ್ಣು ಅರ್ಧ ಮುಚ್ಚಿದ ಒಂದೇ ಚಿತ್ರ ಇಡೀ ದಿನದ ಧೈರ್ಯವನ್ನು ಕೆಡಿಸಬಲ್ಲದು. ಹನ್ನೆರಡು-ಹದಿನೈದನ್ನು ನಾವೇ ಬೇರ್ಪಡಿಸಿ, ಸಾಧ್ಯವಾದರೆ ಆಪ್ತರೊಬ್ಬರ ಜೊತೆಯಲ್ಲಿ ಕೂರಿಸಿ ತೋರಿಸಬೇಕು. ಅವರ ನೇರ ಮುಖವನ್ನು ದಿನವೂ ಕಾಣುವವರು ಆ ಆಪ್ತರೇ. ಆದರೂ ಒಪ್ಪದೆ "ಇದು ನಾನಲ್ಲ" ಎನ್ನುವವರಿಗೆ ಲ್ಯಾಪ್‌ಟಾಪಿನಲ್ಲಿ ಚಿತ್ರವನ್ನು ಎಡಬಲ ತಿರುಗಿಸಿ ಪಕ್ಕದಲ್ಲಿಟ್ಟು ತೋರಿಸುತ್ತೇನೆ. ಕನ್ನಡಿಯ ಮಾತು ಆಗ ಕಣ್ಣಿಗೆ ಕಟ್ಟುತ್ತದೆ. ಮುದ್ರಣಕ್ಕೆ ಕಳಿಸುವ ಚಿತ್ರ ಮಾತ್ರ ನೇರವಾಗಿಯೇ ಇರಬೇಕು. ತಿರುಗಿಸಿದ ಚಿತ್ರದಲ್ಲಿ ಎಡ ಹೆಗಲ ಸೆರಗು ಬಲಕ್ಕೆ ಹೋಗುತ್ತದೆ, ಮೂಗುತಿ ಇನ್ನೊಂದು ಹೊಳ್ಳೆಗೆ ಬರುತ್ತದೆ, ಅಂಗಿಯ ಜೇಬು ಬಲಗಡೆಗೆ ಬೀಳುತ್ತದೆ, ಅದನ್ನು ಮನೆಯವರು ಮೊದಲ ನೋಟಕ್ಕೇ ಗುರುತಿಸುತ್ತಾರೆ.