ಶಾಸ್ತ್ರೀಯ ಎಂಬ ಮುದ್ರೆ: ನೃತ್ಯಕ್ಕೆ ಸಿಕ್ಕಿತು, ಭಾಷೆಗೂ ಸಿಕ್ಕಿತು, ಯಕ್ಷಗಾನ ಇನ್ನೂ ಕಾಯುತ್ತಿದೆ

ಯಕ್ಷಗಾನ ಶಾಸ್ತ್ರೀಯವೋ ಜಾನಪದವೋ? ಕರಾವಳಿಯಲ್ಲಿ ಈ ಪ್ರಶ್ನೆ ಎತ್ತಿ ನೋಡಿ. ವೇಷ ಕಟ್ಟುವ ಚೌಕಿಯಲ್ಲಿ ಶುರುವಾದ ಮಾತು ಮಂಗಳ ಹಾಡಿದರೂ ಮುಗಿಯುವುದಿಲ್ಲ. ಒಬ್ಬರು ರಾಗ, ತಾಳ, ಕಥೆಗೆ ಮೊದಲಿನ ಪೂರ್ವರಂಗ, ಅದರ ನಿಯಮ ಹೇಳುವ ಸಭಾಲಕ್ಷಣ ಎಂದು ಬೆರಳು ಮಡಚುತ್ತಾರೆ. ಇನ್ನೊಬ್ಬರು ಬಯಲು, ಗದ್ದೆ, ಹರಕೆಯಾಟ ಎನ್ನುತ್ತಾರೆ. ದೆಹಲಿಯ ಸಂಗೀತ ನಾಟಕ ಅಕಾಡೆಮಿ ಶಾಸ್ತ್ರೀಯ ಎಂದು ಒಪ್ಪಿರುವ ನೃತ್ಯಗಳು 8. ಅದರಲ್ಲಿ ಯಕ್ಷಗಾನ ಇಲ್ಲ, ಪಕ್ಕದೂರಿನ ಕಥಕಳಿ ಇದೆ. ಜಗಳದ ಅರ್ಧ ಬಿಸಿ ಇಲ್ಲಿಂದಲೇ ಬರುತ್ತದೆ.

ಈ ಗೋಜಲು ಬಿಡಿಸಬೇಕಾದರೆ ಮೊದಲು ಆ ಪದವನ್ನೇ ಹಿಡಿಯಬೇಕು. 'ಕ್ಲಾಸಿಕಲ್' ಹುಟ್ಟಿದ್ದು ರೋಮ್‌ನಲ್ಲಿ. ಅಲ್ಲಿ ಜನರನ್ನು ಆಸ್ತಿಯ ಮೇಲೆ ವರ್ಗ ಮಾಡುತ್ತಿದ್ದರು. ಎಲ್ಲಕ್ಕಿಂತ ಮೇಲಿನ ವರ್ಗದವನು 'ಕ್ಲಾಸಿಕಸ್'. 2ನೇ ಶತಮಾನದಲ್ಲಿ ಆಲಸ್ ಗೆಲಿಯಸ್ ಎಂಬ ಬರಹಗಾರ ಇದನ್ನು ಸಾಹಿತ್ಯಕ್ಕೆ ತಂದು, ಮೇಲ್ವರ್ಗದ ಲೇಖಕ ಬೇರೆ, ಬಡ ವರ್ಗದ ಲೇಖಕ ಬೇರೆ ಎಂದ. ಅಂದರೆ ಪದದ ಬುಡದಲ್ಲೇ ಕಂದಾಯದ ಲೆಕ್ಕ ಇದೆ. ಇಂಗ್ಲಿಷಿನ ಮೂಲಕ ಅದು ಇಲ್ಲಿಗೆ ಬಂದಾಗ ನಾವು 'ಶಾಸ್ತ್ರೀಯ' ಎಂದೆವು. ಮನೆಮಾತಿನಲ್ಲಿ 'ಶಾಸ್ತ್ರಕ್ಕೆ ಒಂದು ತುತ್ತು ತಿಂದೆ' ಅಂದರೆ ಸುಮ್ನೆ ನೆಪಕ್ಕೆ ತಿಂದೆ ಎಂದರ್ಥ. ಅದು ಹಾಗಿರಲಿ.

ಇಂಥ ತಕರಾರಿಗೆ ಕನ್ನಡದಲ್ಲಿ ಮೊದಲೇ ಎರಡು ಪದಗಳಿದ್ದವು: ಮಾರ್ಗ ಮತ್ತು ದೇಸಿ. ಮಾರ್ಗ ಅಂದರೆ ಶಾಸ್ತ್ರ ಹಾಕಿಕೊಟ್ಟ ದಾರಿ, ದೇಸಿ ಅಂದರೆ ಆಯಾ ನೆಲದ ರೂಢಿ. 941ರ ಸುಮಾರಿಗೆ ಪಂಪ ಎರಡನ್ನೂ ಒಟ್ಟಿಗೆ ಹೊಂದಿಸಿದ. ಕಾವ್ಯ ದೇಸಿಯೊಳಗೆ ಹೊಕ್ಕು ಮಾರ್ಗದಲ್ಲಿ ಬೆರೆಯಬೇಕು ಎನ್ನುವುದು ಅವನ ಮಾತು. 12ನೇ ಶತಮಾನದಲ್ಲಿ ಬಸವಣ್ಣ ತಾಳಮಾನ ಗೊತ್ತಿಲ್ಲ, ಒಲಿದಂತೆ ಹಾಡುತ್ತೇನೆ ಎಂದು ಬೇರೆ ದಾರಿ ಹಿಡಿದರು. 13ನೇ ಶತಮಾನದ 'ಸಂಗೀತ ರತ್ನಾಕರ' ಎಂಬ ಗ್ರಂಥ ಆಯಾ ಪ್ರದೇಶದ ಜನರ ಮನಸ್ಸಿಗೆ ಹಿಡಿಸುವ ಸಂಗೀತವನ್ನೆಲ್ಲ ದೇಸಿ ಎಂದು ಕರೆಯಿತು. ಆ ಲೆಕ್ಕ ಹಿಡಿದರೆ ಇವತ್ತಿನ ಕರ್ನಾಟಕ ಸಂಗೀತವೂ ದೇಸಿ, ಹಿಂದೂಸ್ತಾನಿಯೂ ದೇಸಿ. ಸಭೆಗಳಲ್ಲಿ ಇದನ್ನು ಯಾರೂ ಜಾಸ್ತಿ ನೆನಪಿಸುವುದಿಲ್ಲ.

ನಡುವಿನ ಆರು ಶತಮಾನ ದಾಟಿ ನೇರ 1920-30ರ ದಶಕಕ್ಕೆ ಬರೋಣ. ಮುದ್ರೆ ಒತ್ತುವ ಕೆಲಸ ಜೋರಾಗಿ ನಡೆದದ್ದು ಆಗ.

1927ರಲ್ಲಿ ಮದರಾಸಿನಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಅದರ ಜೊತೆಗೇ ಸಂಗೀತ ಸಮ್ಮೇಳನವೂ ಆಯಿತು. ಮರುವರ್ಷ ಮ್ಯೂಸಿಕ್ ಅಕಾಡೆಮಿ ಹುಟ್ಟಿತು. ದೇಶಕ್ಕೆ ತನ್ನದೇ ಆದ, ಯುರೋಪಿನ ಮುಂದೆ ತಲೆ ಎತ್ತಿ ತೋರಿಸಬಹುದಾದ ಕಲೆ ಬೇಕಿತ್ತು. ಸಂಗೀತಕ್ಕೆ ಗ್ರಂಥಗಳಿದ್ದವು, ಹಾಡು ಕಟ್ಟಿದ ವಾಗ್ಗೇಯಕಾರರಿದ್ದರು. ಕಷ್ಟ ಇದ್ದದ್ದು ನೃತ್ಯದಲ್ಲಿ. ಆಗ ಅದಕ್ಕೆ ಸದಿರ್ ಎಂಬ ಹೆಸರಿತ್ತು. ಕುಣಿಯುತ್ತಿದ್ದವರು ದೇವದಾಸಿಯರು. ಅದನ್ನು ನಿಲ್ಲಿಸಬೇಕು ಎಂಬ ಚಳವಳಿ 1890ರ ದಶಕದಿಂದಲೇ ನಡೆದಿತ್ತು. ಮೈಸೂರು ಸಂಸ್ಥಾನವಂತೂ 1910ರ ಹೊತ್ತಿಗೇ ದೇವಸ್ಥಾನಗಳಲ್ಲಿ ಅವರ ಸೇವೆ ನಿಲ್ಲಿಸಿತ್ತು.

1931ರಲ್ಲಿ ಮ್ಯೂಸಿಕ್ ಅಕಾಡೆಮಿಯ ವೇದಿಕೆಯಲ್ಲಿ ದೇವದಾಸಿ ಮನೆತನದ ಹೆಣ್ಣುಮಕ್ಕಳೇ ಕುಣಿದರು. 1932ರಲ್ಲಿ ಹೆಸರು ಬದಲಾಯಿತು. ಇನ್ನು ಮುಂದೆ ಭರತನಾಟ್ಯ ಎನ್ನಬೇಕು ಎಂದು ನಿರ್ಣಯವಾಯಿತು. 1935ರಲ್ಲಿ ಬ್ರಾಹ್ಮಣ ಮನೆತನದ ರುಕ್ಮಿಣಿ ದೇವಿ ವೇದಿಕೆ ಹತ್ತಿದರು. 1936ರಲ್ಲಿ ಅವರ ನೃತ್ಯಶಾಲೆ ಕಲಾಕ್ಷೇತ್ರ ಶುರುವಾಯಿತು. ಮೊದಲೆಲ್ಲ ವಾದ್ಯದವರು ನರ್ತಕಿಯ ಬೆನ್ನಿಗೇ ನಿಂತು ನುಡಿಸುತ್ತಿದ್ದರು. ಅವರು ಈಗ ವೇದಿಕೆಯ ಬದಿಗೆ ಹೋಗಿ ಕುಳಿತರು. ನಟರಾಜನ ವಿಗ್ರಹ ಬಂತು, ಉಡುಪು ಬದಲಾಯಿತು, ಶೃಂಗಾರ ತಗ್ಗಿ ಭಕ್ತಿ ಹೆಚ್ಚಿತು. ಶೃಂಗಾರ ತೆಗೆದರೆ ಈ ನೃತ್ಯದಲ್ಲಿ ಉಳಿಯುವುದೇನು ಎಂಬ ವಾದವನ್ನು ದೇವದಾಸಿ ಮನೆತನದ ನರ್ತಕಿ ಬಾಲಸರಸ್ವತಿ ಕೊನೆಯವರೆಗೂ ಬಿಡಲಿಲ್ಲ. 1947ರ ಮದರಾಸು ಕಾಯ್ದೆ ದೇವದಾಸಿ ಪದ್ಧತಿಯನ್ನೇ ನಿಷೇಧಿಸಿತು. ಆ ಹೊತ್ತಿಗೆ ಒಳ್ಳೆಯ ಮನೆತನದವರು ಎನಿಸಿಕೊಂಡವರ ಹೆಣ್ಣುಮಕ್ಕಳು ಗೆಜ್ಜೆ ಕಟ್ಟಿಯಾಗಿತ್ತು. ಆ ಬದಲಾವಣೆ ಇಲ್ಲದಿದ್ದರೆ ನೃತ್ಯವೇ ಉಳಿಯುತ್ತಿರಲಿಲ್ಲ ಎನ್ನುವವರಿದ್ದಾರೆ. ಆ ಮಾತಿನಲ್ಲಿ ಸತ್ಯ ಇಲ್ಲದಿಲ್ಲ. ಆದರೆ ಉಳಿಸಿಕೊಂಡು ಬಂದವರ ಮನೆಗೆ ಅದರಿಂದ ಏನು ಬಂತು ಎಂದು ಕೇಳುವವರು ಕಡಿಮೆ.

ನಮ್ಮ ಮೈಸೂರಿನ ಕಥೆ ಸ್ವಲ್ಪ ಬೇರೆ. ಇಲ್ಲಿ ಅರಮನೆ ಇತ್ತು. ಜಟ್ಟಿ ತಾಯಮ್ಮ ಹುಟ್ಟಿದ್ದು ಕುಸ್ತಿಯ ಜಟ್ಟಿಗಳ ಮನೆಯಲ್ಲಿ, ಹೆಸರು ಮಾಡಿದ್ದು ಅಭಿನಯದಲ್ಲಿ. ಅವರ ಹತ್ತಿರ ಕಲಿಯಲು ಬಂದ ವೆಂಕಟಲಕ್ಷಮ್ಮ ಕಡೂರು ಕಡೆಯ ಲಂಬಾಣಿ ತಾಂಡ್ಯದವರು. ಆಗ ವಯಸ್ಸು ಎಂಟು. ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ನರ್ತಕಿಯಾದರು. ಕುಳಿತಲ್ಲೇ ಒಂದು ಜಾವಳಿಯ, ಅಂದರೆ ಶೃಂಗಾರದ ಹಾಡಿನ, ಒಂದೇ ಸಾಲನ್ನು ಹತ್ತಾರು ರೀತಿ ಅಭಿನಯಿಸುವುದು ಈ ಪರಂಪರೆಯ ಗತ್ತು. 1965ರಲ್ಲಿ ಮೈಸೂರು ವಿಶ್ವವಿದ್ಯಾಲಯ ನೃತ್ಯ ವಿಭಾಗ ತೆರೆದಾಗ ಅವರೇ ಮೊದಲ ರೀಡರ್ ಆದರು. 1992ರಲ್ಲಿ ಪದ್ಮಭೂಷಣ ಬಂತು. ಜಟ್ಟಿಗಳ ಮನೆಯಿಂದ ತಾಂಡ್ಯದ ಹುಡುಗಿಗೆ ದಾಟಿದ ಈ ವಿದ್ಯೆ ಇವತ್ತಿನ ಶಾಸ್ತ್ರೀಯ ನೃತ್ಯದ ಪಾಠದಲ್ಲಿ ಎಷ್ಟು ಪುಟ ಹಿಡಿಯುತ್ತದೆ ಎಂದು ನೃತ್ಯ ಕಲಿಯುವ ಮಕ್ಕಳನ್ನೇ ಕೇಳಿ.

ಸಂಗೀತದ ಮುದ್ರೆ ಒತ್ತಿದ್ದು ಹೆಚ್ಚಾಗಿ ರೇಡಿಯೊ. ಗಮಕ, ಅಂದರೆ ಸ್ವರದ ಓಲಾಟ, ಬರುವುದಿಲ್ಲ ಎಂಬ ಕಾರಣಕ್ಕೆ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ಧಾರವಾಡ ಸೀಮೆಯ ಹಲವು ಗಾಯಕರ ಕಿವಿ ತಯಾರಾದದ್ದೇ ನಾಟಕ ಕಂಪನಿಯ ಕಾಲುಪೆಟ್ಟಿಗೆಯ, ಅಂದರೆ ಕಾಲಿನಿಂದ ಒತ್ತುವ ಹಾರ್ಮೋನಿಯಂನ, ಮುಂದೆ ಎನ್ನುವುದನ್ನು ನೆನೆದರೆ ಇದು ತಮಾಷೆಯಾಗಿ ಕಾಣುತ್ತದೆ, ಅಲ್ವಾ? ಇನ್ನು ವರ್ಣದಿಂದ ಮಂಗಳದವರೆಗಿನ ಕರ್ನಾಟಕ ಸಂಗೀತ ಕಛೇರಿಯ ಕ್ರಮ. ನಾವು ಅನಾದಿ ಎಂದುಕೊಳ್ಳುವ ಇದಕ್ಕೆ ರೂಪ ಕೊಟ್ಟ ಶ್ರೇಯಸ್ಸು ಸಾಮಾನ್ಯವಾಗಿ ಸಲ್ಲುವುದು ಕಳೆದ ಶತಮಾನದ ಗಾಯಕ ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ ಅವರಿಗೆ.

ಸ್ವಾತಂತ್ರ್ಯದ ನಂತರ ಶಾಸ್ತ್ರೀಯ ನೃತ್ಯಗಳ ಪಟ್ಟಿ ಬೆಳೆಯಿತು. 1958ರ ದೆಹಲಿ ವಿಚಾರ ಸಂಕಿರಣದಲ್ಲಿ ಒಡಿಸ್ಸಿಯ ಪರವಾಗಿ ವಾದ ಮಂಡನೆಯಾಯಿತು. ಗುರುಗಳು ಸೇರಿ ಹೆಜ್ಜೆ, ಭಂಗಿ, ಕ್ರಮ ಎಲ್ಲವನ್ನೂ ಒಂದು ಅಳತೆಗೆ ತಂದರು. 2000ದಲ್ಲಿ ಅಸ್ಸಾಮಿನ ಸತ್ರೀಯ ಒಳಗೆ ಬಂತು. ಹಳೆಯ ಗ್ರಂಥದ ಆಧಾರ ತೋರಿಸಿ, ಪಾಠಕ್ರಮ ಕಟ್ಟಿ, ಅರ್ಜಿ ಹಾಕಿ: ದಾರಿ ಹೀಗೆ ಸ್ಪಷ್ಟವಾಯಿತು.

ಭಾಷೆಯ ವಿಷಯ ಎಲ್ಲರಿಗೂ ಗೊತ್ತಿರುವುದೇ. 2004ರಲ್ಲಿ ತಮಿಳಿಗೆ, 2005ರಲ್ಲಿ ಸಂಸ್ಕೃತಕ್ಕೆ ಶಾಸ್ತ್ರೀಯ ಸ್ಥಾನಮಾನ ಸಿಕ್ಕಿತು. ಮೊದಲು ಸಾವಿರ ವರ್ಷದ ಹಳಮೆ ಸಾಕಿತ್ತು, ಆಮೇಲೆ ಅದು 1500-2000 ವರ್ಷ ಆಯಿತು. ನಾವು ಹಲ್ಮಿಡಿ ಶಾಸನ, ಕವಿರಾಜಮಾರ್ಗ ಹಿಡಿದು ಹೊರಟೆವು. 2008ರ ಅಕ್ಟೋಬರ್ 31ರಂದು ಕನ್ನಡಕ್ಕೂ ತೆಲುಗಿಗೂ ಸಿಕ್ಕಿತು. ಅದರ ವಿರುದ್ಧದ ಅರ್ಜಿ ಮದರಾಸು ಹೈಕೋರ್ಟಿನಲ್ಲಿ 2016ರವರೆಗೆ ಎಳೆದಾಡಿ ವಜಾ ಆಯಿತು. 2024ರಲ್ಲಿ ಇನ್ನೂ 5 ಸೇರಿ ಒಟ್ಟು 11 ಭಾಷೆಗಳಾದವು. ಕನ್ನಡಕ್ಕೆ ಸಿಕ್ಕ ಕಾಲದ ಷರತ್ತುಗಳಲ್ಲಿ, ಸಾಹಿತ್ಯ ಪರಂಪರೆ ಸ್ವಂತದ್ದಾಗಿರಬೇಕು, ಇನ್ನೊಂದು ಭಾಷೆಯಿಂದ ಕಡ ತಂದದ್ದಾಗಿರಬಾರದು ಎಂಬುದೂ ಇತ್ತು. ಮಹಾಭಾರತವನ್ನು ತನ್ನದು ಮಾಡಿಕೊಂಡ ಪಂಪ ಇದನ್ನು ಓದಿದ್ದರೆ ನಗುತ್ತಿದ್ದನೇನೋ.

ಮತ್ತೆ ಯಕ್ಷಗಾನಕ್ಕೆ. ರಾಜ್ಯದಲ್ಲಿ ಅದು ಒಂದು ಕಾಲಕ್ಕೆ ಜಾನಪದದ ಜೊತೆ ಒಂದೇ ಅಕಾಡೆಮಿಯಲ್ಲಿತ್ತು, ಆಮೇಲೆ ಬಯಲಾಟದ ಜೊತೆ, ಈಗ ಬೇರೆ ಮನೆ ಮಾಡಿಕೊಂಡಿದೆ. ದೆಹಲಿಯಲ್ಲಿ ಅದರ ಸಾಲು ಬೇರೆಯೇ. ಶಾಸ್ತ್ರೀಯ ಎನ್ನಿಸಿಕೊಂಡರೆ ಮರ್ಯಾದೆ ಹೆಚ್ಚುತ್ತದೆ, ಬಾಗಿಲುಗಳು ತೆರೆಯುತ್ತವೆ. ಕಲಾವಿದರು ಅದನ್ನು ಬಯಸಿದರೆ ತಪ್ಪೇನಿಲ್ಲ.

ತೊಡಕು ಇರುವುದು ಮಾತಿನಲ್ಲಿ. ಪದ್ಯ ಬರೆದಿಟ್ಟದ್ದು, ಅರ್ಥ, ಅಂದರೆ ಪಾತ್ರಧಾರಿ ಆಡುವ ಮಾತು, ಮಾತ್ರ ಆ ಕ್ಷಣಕ್ಕೆ ಹುಟ್ಟುವುದು. ಹಾಡುವ ಭಾಗವತರು ಪದ ಮುಗಿಸಿದ ಮೇಲೆ ಕರ್ಣ ಏನು ಹೇಳುತ್ತಾನೆ ಎಂದು ಎದುರಿಗಿರುವ ಕೃಷ್ಣನಿಗೂ ಗೊತ್ತಿರುವುದಿಲ್ಲ. ವೇಷ, ಕುಣಿತ ಇಲ್ಲದ ತಾಳಮದ್ದಳೆಯಂತೂ ಪೂರ್ತಿ ಇದೇ. ಶಿವರಾಮ ಕಾರಂತರು ಹೊರಗಿನವರಿಗೆ ತೋರಿಸಲು ಬ್ಯಾಲೆ ಕಟ್ಟಿದಾಗ ವಯಲಿನ್, ಸ್ಯಾಕ್ಸೊಫೋನ್ ಸೇರಿಸಿದರು, ಮಾತು ಕೈಬಿಟ್ಟರು. ಕನ್ನಡ ಬಾರದವರಿಗೆ ಅದು ಅನುಕೂಲವೇ ಆಯಿತು. ಹರಕೆಯಾಟಗಳಲ್ಲಿ ಮಾತು ಉಳಿಯಿತು. ಶಾಸ್ತ್ರೀಯ ಪಟ್ಟಿಯ ಪರವಾಗಿ ಮಾತಾಡುವವರು ರಾಗದ ಬಗ್ಗೆ, ತಾಳದ ಬಗ್ಗೆ, ಹೆಜ್ಜೆಯ ಬಗ್ಗೆ ಗಂಟೆಗಟ್ಟಲೆ ಹೇಳುತ್ತಾರೆ. ಅರ್ಥಗಾರಿಕೆಗೆ ಬಂದಾಗ ಸ್ವಲ್ಪ ಬೇಗ ಮುಗಿಸುತ್ತಾರೆ.