ಪದ ಪರಿಚಯ: ಫ್ರ್ಯಾಕ್ಟಲ್ ಆರ್ಟ್

ಒಂದು ಆಕಾರದ ಸಣ್ಣ ತುಣುಕನ್ನು ಹಿಗ್ಗಿಸಿ ನೋಡಿದರೆ ಇಡೀ ಆಕಾರದ್ದೇ ಹೋಲಿಕೆ ಕಾಣುತ್ತದೆ. ಆ ತುಣುಕಿನೊಳಗಿನ ತುಣುಕಲ್ಲೂ ಅದೇ ಕಥೆ. ಇಂಥ ಆಕಾರಕ್ಕೆ ಫ್ರ್ಯಾಕ್ಟಲ್ ಅಂತಾರೆ. ಅದನ್ನು ಕಂಪ್ಯೂಟರಿನ ಲೆಕ್ಕದಿಂದ ಮೂಡಿಸಿ ಬಣ್ಣ ಹಾಕಿದ ಚಿತ್ರವೇ ಫ್ರ್ಯಾಕ್ಟಲ್ ಆರ್ಟ್. ಬೇಲೂರಿನ ಚೆನ್ನಕೇಶವ ದೇವಸ್ಥಾನದಲ್ಲಿ ಜಗತಿ ಹತ್ತುವ ಮೆಟ್ಟಿಲುಗಳ ಅಕ್ಕಪಕ್ಕ ಶಿಖರ ಸಮೇತ ಪುಟ್ಟ ಗುಡಿಗಳಿವೆ ಅಲ್ವಾ? ದೊಡ್ಡ ಗುಡಿಯ ಮೇಲೆ ಈಗ ಶಿಖರ ಇಲ್ಲ. ಅದು ಹೇಗಿದ್ದಿರಬಹುದು ಅಂತ ಊಹಿಸುವವರು ಈ ಪುಟ್ಟ ಗುಡಿಗಳನ್ನೇ ನೋಡುತ್ತಾರೆ. ಆದರೆ ಶಿಲ್ಪಿ ಒಂದೆರಡು ಹಂತಕ್ಕೆ ಉಳಿ ಕೆಳಗಿಡಲೇಬೇಕು. ಗಣಿತದ ಫ್ರ್ಯಾಕ್ಟಲ್‌ಗೆ ಆ ಕಟ್ಟು ಇಲ್ಲ.

ಹೆಸರು ಕೊಟ್ಟವರು ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರಾಟ್, 1975ರಲ್ಲಿ. ಆಕಾರಗಳು ಅದಕ್ಕಿಂತ ಹಳೆಯವು. 1904ರಲ್ಲೇ ಸ್ವೀಡನ್ನಿನ ಕಾಖ್ ಒಂದು ವಿಚಿತ್ರ ಗೆರೆ ತೋರಿಸಿದ್ದರು. ಗೆರೆಯ ನಡುವಿನ ಮೂರನೇ ಒಂದು ಭಾಗ ತೆಗೆದು ಅಲ್ಲಿ ತ್ರಿಕೋನದ ಮೂಗು ಕೂರಿಸಿ, ಹುಟ್ಟಿದ ನಾಲ್ಕು ಗೆರೆಗೂ ಹಾಗೇ ಮಾಡಿ, ಮಾಡುತ್ತಲೇ ಇರಿ. ಗೆರೆಯ ಉದ್ದ ಬೆಳೆಯುತ್ತಲೇ ಹೋಗುತ್ತದೆ, ಅದು ಹಿಡಿಯುವ ಜಾಗ ಮಾತ್ರ ಒಂದು ಮಿತಿಯೊಳಗೇ ಇರುತ್ತದೆ. ಇಷ್ಟು ಗೊತ್ತಿದ್ದರೂ ಚಿತ್ರ ನೋಡಲು ಕಂಪ್ಯೂಟರ್ ಬರಬೇಕಾಯಿತು. ಯಾಕೆ ಅನ್ನೋದಕ್ಕೆ ಮ್ಯಾಂಡೆಲ್‌ಬ್ರಾಟ್ ಸೆಟ್‌ನ ಲೆಕ್ಕವನ್ನೇ ಮಾಡಿ ನೋಡೋಣ.

ಒಂದು ಸಂಖ್ಯೆ ಹಿಡಿಯಿರಿ. ಸೊನ್ನೆಯಿಂದ ಶುರು. ಕೈಯಲ್ಲಿರುವುದನ್ನು ವರ್ಗ ಮಾಡಿ, ಹಿಡಿದ ಸಂಖ್ಯೆ ಕೂಡಿಸಿ. ಬಂದ ಉತ್ತರಕ್ಕೆ ಮತ್ತೆ ಅದೇ ಕೆಲಸ. ಹಿಡಿದದ್ದು 1 ಆದರೆ: 0, 1, 2, 5, 26, 677... ಕೈಗೆ ಸಿಗದೆ ಓಡಿತು. ಹಿಡಿದದ್ದು -1 ಆದರೆ: 0, -1, 0, -1... ಅಲ್ಲಲ್ಲೇ ಸುತ್ತುತ್ತಾ ಕೂತಿತು. ಪರದೆಯ ಒಂದೊಂದು ಚುಕ್ಕಿಯೂ ಒಂದೊಂದು ಸಂಖ್ಯೆ. ಚುಕ್ಕಿಗೆ ಅಡ್ಡ, ಉದ್ದ ಎರಡೂ ಇರುವುದರಿಂದ ಪಿಯುಸಿಯಲ್ಲಿ ಓದಿದ ಸಂಕೀರ್ಣ ಸಂಖ್ಯೆ ಇಲ್ಲಿ ಬೇಕು, ಲೆಕ್ಕ ಅದೇ. ಓಡದೆ ಕೂತ ಚುಕ್ಕಿಗೆ ಕಪ್ಪು. ಆ ಕಪ್ಪು ಚುಕ್ಕಿಗಳ ಗುಂಪೇ ಮ್ಯಾಂಡೆಲ್‌ಬ್ರಾಟ್ ಸೆಟ್. ಓಡಿಹೋದ ಚುಕ್ಕಿಗೆ, ಅದು ಎಷ್ಟನೇ ಸುತ್ತಿಗೆ ಸೊನ್ನೆಯಿಂದ 2ರಷ್ಟು ದೂರದ ಗಡಿ ದಾಟಿತು ಅನ್ನೋದರ ಮೇಲೆ ಬಣ್ಣ. ಗಡಿ ದಾಟಿದ್ದು ಹಿಂದೆ ಬರುವುದಿಲ್ಲ ಅಂತ ಗಣಿತ ಖಾತ್ರಿ ಕೊಡುತ್ತದೆ.

ಈಗ ಸಾಮಾನ್ಯ ಫುಲ್ ಎಚ್‌ಡಿ ಪರದೆ ತಗೊಳ್ಳಿ. 1920ಕ್ಕೆ 1080, ಅಂದರೆ 20 ಲಕ್ಷಕ್ಕೂ ಜಾಸ್ತಿ ಚುಕ್ಕಿ. ಚುಕ್ಕಿಗೆ ಸಾವಿರ ಸುತ್ತು ಅಂದರೆ 200 ಕೋಟಿ ಸುತ್ತಿನ ಲೆಕ್ಕ. ಇಂಥದ್ದೇ ಲೆಕ್ಕದ ಬಗ್ಗೆ 1918ರಲ್ಲಿ ಬರೆದ ಫ್ರಾನ್ಸಿನ ಗಾಸ್ತಾಂ ಜೂಲಿಯಾ ಈ ಬಣ್ಣದ ಚಿತ್ರ ಯಾವುದನ್ನೂ ಕಾಣದೆಯೇ ಬರೆದರು. 1980ರ ಹೊತ್ತಿಗೆ ಐಬಿಎಂನಲ್ಲಿದ್ದ ಮ್ಯಾಂಡೆಲ್‌ಬ್ರಾಟ್ ಅದನ್ನು ಕಂಪ್ಯೂಟರಿನಲ್ಲಿ ನೋಡಿದರು.

ಹಾಗಾದರೆ ಇದರಲ್ಲಿ ಕಲಾವಿದರ ಕೆಲಸ ಏನು? ಹುಡುಕುವುದು. ಸೂತ್ರ ಎಲ್ಲರಿಗೂ ಒಂದೇ, ಎಲ್ಲಿ ಇಣುಕಬೇಕು, ಎಲ್ಲಿ ನಿಲ್ಲಬೇಕು, ಯಾವ ಬಣ್ಣ ಹಾಕಬೇಕು ಅನ್ನೋದು ನಮ್ಮದು. 'ಇದು ಎಐ ಮಾಡಿದ್ದಾ' ಅಂತ ಈಗ ಎಲ್ಲರೂ ಕೇಳುತ್ತಾರೆ. ಅಲ್ಲ. ಇಲ್ಲಿ ಯಾರ ಚಿತ್ರವನ್ನೂ ನೋಡಿ ಕಲಿತದ್ದಿಲ್ಲ, ಬರೀ ಲೆಕ್ಕ.

ಹೊಸಬರಿಗೆ ನಾನು ಹೇಳುವುದು ಕೇಯಾಸ್ ಅನ್ನೋ ಉಚಿತ ಸಾಫ್ಟ್‌ವೇರ್ (ಹುಡುಕುವಾಗ ಎಕ್ಸ್, ಎ, ಓ, ಎಸ್ ಅಂತ ಟೈಪ್ ಮಾಡಿ). ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಮೌಸ್‌ನ ಎಡಗುಂಡಿ ಒತ್ತಿ ಹಿಡಿದರೆ ಒಳಗೆ, ಬಲಗುಂಡಿಗೆ ಹೊರಗೆ. ತೆರೆದ ಕೂಡಲೇ ಅಡ್ಡ ಮಲಗಿದ ಹೃದಯದಂಥ ಕಪ್ಪು ಆಕಾರ, ಅದರ ಎಡಕ್ಕೆ ಅಂಟಿದ ವೃತ್ತ ಕಾಣುತ್ತದೆ. ಎರಡರ ನಡುವಿನ ಸಂದಿಗೆ ಹೋಗಿ. ಅದಕ್ಕೆ ಕಡಲಕುದುರೆ ಕಣಿವೆ ಅಂತ ಹೆಸರು, ಸುರುಳಿ ಬಾಲಗಳು ಸಾಲಾಗಿ ನಿಂತಿರುತ್ತವೆ. ಒಂದು ಸುರುಳಿ ಹಿಡಿದು ಇಳಿಯುತ್ತಾ ಹೋದರೆ ಎಲ್ಲೋ ಒಂದು ಕಡೆ ಮೊದಲು ಕಂಡ ಆ ಕಪ್ಪು ಆಕಾರವೇ ಚುಕ್ಕಿಯಷ್ಟಾಗಿ ಎದುರಾಗುತ್ತದೆ. ಅಂಚುಗಳು ಮೊದ್ದಾಗಿ, ಕಪ್ಪು ಕಲೆಯಂತೆ ಕಂಡರೆ ಇಟರೇಶನ್, ಅಂದರೆ ಸುತ್ತಿನ ಸಂಖ್ಯೆ, ಜಾಸ್ತಿ ಮಾಡಿ. ತೀರಾ ಆಳಕ್ಕೆ ಹೋದಾಗ ಚಿತ್ರ ಚೌಕ ಚೌಕವಾಗಿ ಒಡೆದರೆ ಸಾಮಾನ್ಯವಾಗಿ ಅದು ಕಂಪ್ಯೂಟರಿನ ಮಿತಿ. ಅದು ಸಂಖ್ಯೆಯನ್ನು ಹೆಚ್ಚಾಗಿ ಹದಿನೈದು ಹದಿನಾರು ಅಂಕಿವರೆಗೆ ಮಾತ್ರ ಹಿಡಿದಿಡುತ್ತದೆ.

ಬಣ್ಣದ ವಿಷಯದಲ್ಲಿ ನನ್ನದೊಂದು ತಕರಾರಿದೆ. ಶುರುವಿನಲ್ಲಿ ಎಲ್ಲರೂ ಕಾಮನಬಿಲ್ಲನ್ನೇ ಸುರಿಯುತ್ತಾರೆ. ಸುರುಳಿಯ ನವಿರು ಅಲ್ಲೇ ಸತ್ತುಹೋಗುತ್ತದೆ. ಮೂರೇ ಬಣ್ಣ ಸಾಕು. ಕಾಫಿ ಹಣ್ಣಿನ ಕೆಂಪು, ಎಲೆಯ ಕಡು ಹಸಿರು, ಮುಳ್ಳಯ್ಯನಗಿರಿಯ ಮಂಜಿನ ಬೂದು. ಇಷ್ಟನ್ನೇ ಹಾಕಿ ನೋಡಿ.

ಇನ್ನೊಂದು ಜಾತಿಯ ಫ್ರ್ಯಾಕ್ಟಲ್‌ನಲ್ಲಿ ಝೂಮ್ ಮುಖ್ಯವಲ್ಲ. ನಮ್ಮ ತೋಟದ ಬದುಗಳಲ್ಲಿ ಬೆಳೆಯುವಂಥ ಜರಿಗಿಡದ ಎಲೆಯನ್ನು ಗಣಿತಜ್ಞ ಮೈಕಲ್ ಬಾರ್ನ್ಸ್‌ಲಿ ನಾಲ್ಕೇ ನಿಯಮದಲ್ಲಿ ಹಿಡಿದರು. ಒಂದು ಚುಕ್ಕಿ, ಪ್ರತಿ ಸಲ ಚೀಟಿ ಎತ್ತಿದಂತೆ ಒಂದು ನಿಯಮ, ಅದು ಹೇಳಿದ ಕಡೆ ಜಿಗಿತ. ನೂರಕ್ಕೆ 85 ಸಲ ಬರುವ ನಿಯಮ ಎಲೆಯನ್ನು ತುದಿಯತ್ತ ಕಿರಿದು ಮಾಡುತ್ತಾ ಹೋಗುತ್ತದೆ. ಏಳೇಳು ಸಲ ಬರುವ ಎರಡು, ಎಡಬಲದ ಕಿರುಎಲೆಗೆ. ಉಳಿದ ಒಂದು ಸಲ ದಂಟಿಗೆ. ಕೆಲವು ಸಾವಿರ ಜಿಗಿತಕ್ಕೆ ಜರಿ ಎಲೆ ಮೂಡಿರುತ್ತದೆ. ಸ್ವಲ್ಪ ಪೈಥಾನ್ ಪ್ರೋಗ್ರಾಮಿಂಗ್ ಬಲ್ಲವರು ಇದನ್ನೇ ಮೊದಲು ಬರೆಯಲಿ, ಇಪ್ಪತ್ತು ಸಾಲಿನ ಕೆಲಸ. ಬೆಂಕಿ ನಾಲಿಗೆಯಂಥ ಫ್ಲೇಮ್ ಚಿತ್ರಗಳು ಇದರದ್ದೇ ಕವಲು. 1992ರಲ್ಲಿ ಸ್ಕಾಟ್ ಡ್ರೇವ್ಸ್ ಶುರು ಮಾಡಿದ್ದು. ಅದಕ್ಕೆ ಅಪೋಫಿಸಿಸ್ ಅನ್ನೋ ಸಾಫ್ಟ್‌ವೇರ್ ಇದೆ, ಚಿತ್ರ ತಿದ್ದುವ ಜಿಂಪ್‌ನಲ್ಲೂ ಒಂದು ಫಿಲ್ಟರ್ ಇದೆ.

ಚಿತ್ರದ ಜತೆಗೆ ಪ್ಯಾರಾಮೀಟರ್ ಫೈಲನ್ನೂ ಸೇವ್ ಮಾಡಿ. ಕೆಲವೇ ಸಾಲಿನ ಫೈಲು ಅದು. ಜಾಗ, ಸೂತ್ರ, ಸುತ್ತು ಎಲ್ಲ ಅದರಲ್ಲಿರುತ್ತದೆ. ಮೂಡಿಗೆರೆ ಕಡೆ ಜುಲೈ ಮಳೆಯಲ್ಲಿ ಕರೆಂಟು ಯಾವಾಗ ಹೋಗುತ್ತದೋ ಯಾರಿಗೆ ಗೊತ್ತು? ದೊಡ್ಡ ರೆಂಡರ್, ಅಂದರೆ ಲೆಕ್ಕ ಹಾಕಿ ಚಿತ್ರ ಮೂಡಿಸುವ ಕೆಲಸ, ಅರ್ಧಕ್ಕೆ ನಿಂತರೂ ಆ ಫೈಲಿದ್ದರೆ ಅದೇ ಸುರುಳಿ ಮತ್ತೆ ಸಿಗುತ್ತದೆ. ಗೋಡೆಗೆ ಹಾಕುವುದಾದರೂ ಅದೇ ಬೇಕು. ಎ3 ಅಳತೆಗೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಅಂದರೆ ಸುಮಾರು 4960ಕ್ಕೆ 3508 ಪಿಕ್ಸೆಲ್. ಪರದೆಯ ಸ್ಕ್ರೀನ್‌ಶಾಟ್ ಹಿಗ್ಗಿಸಿದರೆ ಮಸುಕಾಗುತ್ತದೆ, ಅದೇ ಫೈಲಿನಿಂದ ಆ ಅಳತೆಗೆ ಹೊಸದಾಗಿ ರೆಂಡರ್ ಮಾಡಿಸಿ.